ಇಬ್ಬರ ಊಟಕ್ಕೆ ದುಬಾರಿ ಮೇಜು ಬೇಕಿಲ್ಲ

ದಂಪತಿಯಾಗಲಿ ಪ್ರೇಮಿಗಳಾಗಲಿ ವಿಶೇಷ ದಿನದಂದು ಹೊರಗೆ ಊಟ ಮಾಡುವುದಾದರೆ ಅದಕ್ಕೆ ತಕ್ಕ ಜಾಗ ಎರಡೇ ಎಂಬ ಅಭಿಪ್ರಾಯ ಜಗತ್ತಿನ ದೊಡ್ಡ ನಗರಗಳಲ್ಲಿ ಬಲವಾಗಿ ಬೇರೂರಿದೆ. ಒಂದು, ಹತ್ತೇ ಜನ ಕೂರುವ ಸುಶಿ ಕೌಂಟರು. ಏನು ತಿನ್ನಬೇಕೆಂಬುದನ್ನು ಅಲ್ಲಿ ಬಾಣಸಿಗನೇ ತೀರ್ಮಾನಿಸುತ್ತಾನೆ, ಈ ಪದ್ಧತಿಗೆ ಒಮಾಕಸೆ ಎಂದು ಹೆಸರು. ಇನ್ನೊಂದು, ಬಿಳಿ ಮೇಜುಬಟ್ಟೆ ಹಾಸಿದ ಫ್ರೆಂಚ್ ರೆಸ್ಟೋರೆಂಟು; ಅಲ್ಲಿ ಎರಡು ಮೂರು ತುತ್ತಿನ ಹತ್ತು ಹನ್ನೆರಡು ತಿನಿಸುಗಳು ಮೂರು ಗಂಟೆಯುದ್ದಕ್ಕೂ ಸರದಿಯಲ್ಲಿ ಬರುತ್ತವೆ, ಇದಕ್ಕೆ ಟೇಸ್ಟಿಂಗ್ ಮೆನು ಎಂದು ಹೆಸರು. ಈ ಎರಡು ಅಡುಗೆಗಳ ನಿಜವಾದ ರೂಪ ಇದೇ, ಇಬ್ಬರ ಆಪ್ತತೆಗೆ ಹೇಳಿ ಮಾಡಿಸಿದ್ದೂ ಇದೇ, ಇದಕ್ಕಿಂತ ಅಗ್ಗದ ಜಾಗಕ್ಕೆ ಕರೆದೊಯ್ದರೆ ಸಂಗಾತಿಯನ್ನು ಕಡೆಗಣಿಸಿದಂತೆ ಎಂದು ನಂಬಲಾಗುತ್ತಿದೆ. ಈ ನಂಬಿಕೆಗೆ ಇತಿಹಾಸದ ಆಧಾರವಿಲ್ಲ. ಊಟದ ದೃಷ್ಟಿಯಿಂದ ಅದು ತಪ್ಪು, ಇಬ್ಬರ ಸಂಬಂಧದ ದೃಷ್ಟಿಯಿಂದ ಇನ್ನೂ ದೊಡ್ಡ ತಪ್ಪು.

ಸುಶಿ ಹುಟ್ಟಿದ್ದು ಮೀನು ಕೆಡದಂತೆ ಇಡುವ ಉಪಾಯವಾಗಿ. ಉಪ್ಪು ಹಚ್ಚಿದ ಮೀನನ್ನು ಅನ್ನದ ನಡುವೆ ಅದುಮಿ ತಿಂಗಳುಗಟ್ಟಲೆ ಮುಚ್ಚಿಟ್ಟರೆ ಅನ್ನ ಹುಳಿಯಾಗುತ್ತದೆ, ಆ ಹುಳಿ ಮೀನನ್ನು ಕಾಯುತ್ತದೆ. ಬಿವಾ ಸರೋವರದ ಸುತ್ತಲಿನ ಊರುಗಳಲ್ಲಿ ಫುನಾಜುಶಿ ಎಂಬ ಹೆಸರಿನಲ್ಲಿ ಈ ಬಗೆ ಇಂದಿಗೂ ಬಳಕೆಯಲ್ಲಿದೆ. ಅನ್ನದ ತುತ್ತಿನ ಮೇಲೆ ಮೀನಿನ ಹೋಳು ಒತ್ತಿ ಕೊಡುವ ನಿಗಿರಿ ಇದಕ್ಕಿಂತ ಬಹಳ ಈಚಿನದು. ಅದು 1820ರ ದಶಕದಲ್ಲಿ ಎಡೊ ನಗರದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, ರೂಪುಗೊಂಡಿತು. ಅದರ ಕೀರ್ತಿ ಸಾಮಾನ್ಯವಾಗಿ ಹನಾಯಾ ಯೊಹೆ (1799–1858) ಎಂಬಾತನಿಗೆ ಸಲ್ಲುತ್ತದೆ. ಅನ್ನ ತಾನಾಗಿ ಹುಳಿಯುವವರೆಗೆ ಕಾಯುವ ಬದಲು ವಿನೆಗರ್ ಬೆರೆಸಿದರೆ ಕೆಲಸ ಕ್ಷಣದಲ್ಲಿ ಮುಗಿಯುತ್ತಿತ್ತು. ಸಾಕೆ ಮದ್ಯ ಹಿಂಡಿದ ಮೇಲೆ ಉಳಿಯುವ ಚರಟದಿಂದ ವಿನೆಗರ್ ತಯಾರಿಸುವ ಉದ್ಯಮವನ್ನು ಹಾಂಡಾ ಊರಿನ ನಕಾನೊ ಮತಾಜಾಯೆಮೊನ್ 1804ರಲ್ಲಿ ಆರಂಭಿಸಿದ್ದ. ಆ ಅಗ್ಗದ ವಿನೆಗರ್, ಎದುರಿನ ಕೊಲ್ಲಿಯ ಮೀನು ಮತ್ತು ಅನ್ನ, ಇಷ್ಟೇ ನಿಗಿರಿಯ ಬಂಡವಾಳ.

ಅದನ್ನು ಕೊಂಡು ತಿನ್ನುತ್ತಿದ್ದವರು ಬಡಗಿಗಳು, ಹಮಾಲರು, ಕುಶಲಕರ್ಮಿಗಳು, ಊರು ಬಿಟ್ಟು ಬಂದ ಒಂಟಿ ಗಂಡಸರು. ಎಡೊದಲ್ಲಿ ಹೆಂಗಸರಿಗಿಂತ ಗಂಡಸರ ಸಂಖ್ಯೆ ಬಹಳ ಹೆಚ್ಚಿತ್ತು, ಬೀದಿ ಗಾಡಿಗಳು ಅವರ ಹೊಟ್ಟೆ ತುಂಬಿಸುತ್ತಿದ್ದವು. ಬೆಂಗಳೂರಿನ ದರ್ಶಿನಿಯಲ್ಲಿ ನಿಂತೇ ಇಡ್ಲಿ ಮುಗಿಸಿ ಕೆಲಸಕ್ಕೆ ಹೊರಡುವವರಂತೆ ಅವರು ಗಾಡಿಯ ಮುಂದೆ ನಿಂತು, ಇಂದಿನದಕ್ಕಿಂತ ಎರಡು ಮೂರು ಪಟ್ಟು ದೊಡ್ಡದಾದ ನಿಗಿರಿಯನ್ನು ಕೈಯಲ್ಲೇ ಎತ್ತಿ ತಿಂದು ಹೋಗುತ್ತಿದ್ದರು. ಮಂಜುಗಡ್ಡೆ ಇಲ್ಲದ ಕಾಲ. ಟ್ಯೂನಾ ಮೀನನ್ನು ಸೋಯಾ ಸಾಸಿನಲ್ಲಿ ನೆನೆಸುತ್ತಿದ್ದರು, ಕೊಹಾದಾ ಮೀನಿಗೆ ಉಪ್ಪು ವಿನೆಗರ್ ಹಾಕುತ್ತಿದ್ದರು, ಕಡಲ ಹಾವುಮೀನನ್ನು ಬೇಯಿಸುತ್ತಿದ್ದರು. ಇಂದು ಅತಿ ದುಬಾರಿಯೆನಿಸಿದ ಟ್ಯೂನಾದ ಕೊಬ್ಬಿನ ಭಾಗಕ್ಕೆ ಆಗ ಬೆಲೆಯೇ ಇರಲಿಲ್ಲ. ದುಬಾರಿ ಸುಶಿ ಅಂದೂ ಇತ್ತು ಎಂಬುದು ನಿಜ. 1840ರ ದಶಕದಲ್ಲಿ ದುಂದುವೆಚ್ಚ ತಡೆಯಲು ಸರಕಾರ ತಂದ ತೆಂಪೋ ಸುಧಾರಣೆಗಳಲ್ಲಿ ಆಡಂಬರದ ಸುಶಿ ಮಾರಿದವರು ಶಿಕ್ಷೆಗೆ ಒಳಗಾದರು. ಆದರೆ ಅದು ಒಂದು ಕೊಂಬೆ ಮಾತ್ರ. ಕೊಂಬೆಯನ್ನು ತೋರಿಸಿ ಬೇರು ಇದೇ ಎಂದರೆ ಒಪ್ಪಲಾಗದು.

ಆಮೇಲಿನ ನೂರು ವರ್ಷಗಳೂ ಇದನ್ನೇ ಹೇಳುತ್ತವೆ. 1923ರ ಕಾಂಟೊ ಭೂಕಂಪದಲ್ಲಿ ಟೋಕಿಯೊ ಸುಟ್ಟುಹೋದಾಗ ಅಂಗಡಿ ಕಳೆದುಕೊಂಡ ಸುಶಿ ಕೆಲಸಗಾರರು ತಮ್ಮ ತಮ್ಮ ಊರುಗಳಿಗೆ ಮರಳಿದರು, ಅವರ ಜೊತೆ ನಿಗಿರಿಯೂ ದೇಶದ ಮೂಲೆಮೂಲೆ ಸೇರಿತು. ಎರಡನೇ ಮಹಾಯುದ್ಧದ ನಂತರ ಆಹಾರದ ಕೊರತೆಯಿಂದಾಗಿ 1947ರಲ್ಲಿ ಸರಕಾರ ಊಟದ ಅಂಗಡಿಗಳನ್ನು ಮುಚ್ಚಿಸಿತು. ಟೋಕಿಯೊದ ಸುಶಿ ವ್ಯಾಪಾರಿಗಳು ಅದಕ್ಕೊಂದು ದಾರಿ ಕಂಡುಕೊಂಡರು: ಗಿರಾಕಿ ತನ್ನ ಪಾಲಿನ ಅಕ್ಕಿಯಲ್ಲಿ ಒಂದು ಗೋ, ಅಂದರೆ ಸುಮಾರು 150 ಗ್ರಾಂ ತಂದುಕೊಟ್ಟರೆ ಕೂಲಿ ಪಡೆದು 10 ಸುಶಿ ಮಾಡಿಕೊಡುವುದು. ಇಂದಿಗೂ ಸಾಮಾನ್ಯ ಸುಶಿ ಅಂಗಡಿಯಲ್ಲಿ ಒಬ್ಬರ ಊಟವೆಂದರೆ ಹೆಚ್ಚುಕಡಿಮೆ ಇಷ್ಟೇ ಲೆಕ್ಕ. 1958ರಲ್ಲಿ ಹಿಗಾಶಿ ಒಸಾಕಾದ ಶಿರಾಯಿಶಿ ಯೊಶಿಯಾಕಿ ಬಿಯರ್ ಕಾರ್ಖಾನೆಯಲ್ಲಿ ಬಾಟಲಿಗಳು ಪಟ್ಟಿಯ ಮೇಲೆ ಸಾಗುವುದನ್ನು ನೋಡಿ ಅದೇ ಬಗೆಯಲ್ಲಿ ತಟ್ಟೆಗಳನ್ನು ತಿರುಗಿಸುವ ಅಂಗಡಿ ತೆರೆದ. 1970ರ ಒಸಾಕಾ ಜಾಗತಿಕ ಮೇಳ ಅದನ್ನು ದೇಶಕ್ಕೆಲ್ಲ ಪರಿಚಯಿಸಿತು. ಜಪಾನಿನ ಗಂಡ ಹೆಂಡತಿ ಮಕ್ಕಳೊಂದಿಗೆ ಹೊರಗೆ ಸುಶಿ ತಿನ್ನಲು ಹೋಗುವುದು ಹೆಚ್ಚಾಗಿ ಇಂಥ ತಿರುಗುವ ಪಟ್ಟಿಯ ಅಂಗಡಿಗಳಿಗೇ.

ಅಗ್ಗದ ಅಂಗಡಿಯ ಮೀನು ಕೀಳು ಎಂಬ ಮಾತಿಗೆ ಒಂದೇ ಉದಾಹರಣೆ ಸಾಕು. 2019ರ ಜನವರಿಯಲ್ಲಿ ಟೋಕಿಯೊದ ತೊಯೊಸು ಮಾರುಕಟ್ಟೆಯ ವರ್ಷದ ಮೊದಲ ಹರಾಜಿನಲ್ಲಿ 278 ಕಿಲೋ ತೂಕದ ನೀಲಿರೆಕ್ಕೆಯ ಟ್ಯೂನಾ 33 ಕೋಟಿ 36 ಲಕ್ಷ ಯೆನ್‌ಗೆ ಹೋಯಿತು. ಕೊಂಡವರು ಟೋಕಿಯೊದ ದುಬಾರಿ ಬಡಾವಣೆ ಗಿಂಜಾದ ಹತ್ತು ಕುರ್ಚಿಯ ಅಂಗಡಿಯ ಬಾಣಸಿಗರಲ್ಲ, ಸುಶಿಜನ್ಮೈ ಎಂಬ ಜನಸಾಮಾನ್ಯರ ಅಂಗಡಿ ಸರಣಿಯವರು. ಪ್ರಚಾರವೇ ಆ ಖರೀದಿಯ ಉದ್ದೇಶವಾಗಿತ್ತೆನ್ನಿ. ಆದರೂ ಆ ಮೀನು ಮಾಮೂಲು ಬೆಲೆಗೇ ಗಿರಾಕಿಗಳ ತಟ್ಟೆ ಸೇರಿತು.

ಇನ್ನು ಆಪ್ತತೆಯ ಮಾತು. ಒಮಾಕಸೆ ಕೌಂಟರಿನ ರಚನೆಯನ್ನು ಗಮನಿಸಿದರೆ ಇಬ್ಬರು ಪರಸ್ಪರ ಮಾತಾಡಲು ಅದು ಎಷ್ಟು ಒಗ್ಗದ ಜಾಗವೆಂಬುದು ತಿಳಿಯುತ್ತದೆ. ಇಬ್ಬರೂ ಪಕ್ಕಪಕ್ಕದಲ್ಲಿ, ಬಾಣಸಿಗನ ಕಡೆ ಮುಖಮಾಡಿ ಕೂರುತ್ತಾರೆ. ಅನ್ನ ದೇಹದ ಬಿಸಿಯಲ್ಲಿರುವಾಗಲೇ, ಒತ್ತಿಟ್ಟ ಕೆಲವೇ ಸೆಕೆಂಡುಗಳಲ್ಲಿ, ನಿಗಿರಿ ಬಾಯಿ ಸೇರಬೇಕು. ಒಂದು ತುತ್ತು ಮುಗಿಯುವಷ್ಟರಲ್ಲಿ ಇನ್ನೊಂದು ಬರುತ್ತದೆ. ಗಿಂಜಾದ ಸುರಂಗರೈಲು ನಿಲ್ದಾಣದ ಬಳಿಯ ನೆಲಮಾಳಿಗೆಯಲ್ಲಿರುವ ಸುಕಿಯಾಬಾಶಿ ಜಿರೊ ಇದರ ಅತ್ಯಂತ ಪ್ರಸಿದ್ಧ ಮಾದರಿ; ಅಲ್ಲಿ ಇಪ್ಪತ್ತರಷ್ಟು ಸುಶಿ ಸುಮಾರು ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಮೀನಿನ ಋತು, ಚಾಕುವಿನ ವರಸೆ, ಅನ್ನದ ಹದ ಇವನ್ನು ಮನಸ್ಸಿಟ್ಟು ನೋಡಬೇಕೆನ್ನುವ ಒಬ್ಬನಿಗೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಬಾಣಸಿಗನ ಕೆಲಸವೂ ಆ ಪೂರ್ತಿ ಗಮನಕ್ಕೆ ಅರ್ಹವಾದದ್ದೇ. ಅದಕ್ಕೆಂದೇ, ಪರಸ್ಪರ ಗಮನ ಕೊಡಲು ಬಂದ ಇಬ್ಬರಿಗೆ ಅದು ಸಲ್ಲದು: ಒಂದೋ ಬಾಣಸಿಗನಿಗೆ ಅನ್ಯಾಯವಾಗುತ್ತದೆ, ಇಲ್ಲವೇ ಸಂಗಾತಿಗೆ.

ಜಿರೊ ಅಂಗಡಿಗೆ, ರೆಸ್ಟೋರೆಂಟುಗಳಿಗೆ ದರ್ಜೆ ಕೊಡುವ ಮಿಶೆಲಿನ್ ಗೈಡ್ 2007ರಲ್ಲಿ ಮೂರು ನಕ್ಷತ್ರ ಕೊಟ್ಟಿತು. 2011ರಲ್ಲಿ ಅದರ ಮೇಲೆ ಬಂದ ಸಾಕ್ಷ್ಯಚಿತ್ರ ಲೋಕದ ಕಣ್ಣಲ್ಲಿ ಸುಶಿಯ ಚಿತ್ರವನ್ನೇ ಬದಲಿಸಿತು. 2014ರಲ್ಲಿ ಅಂದಿನ ಅಮೆರಿಕದ ಅಧ್ಯಕ್ಷ ಒಬಾಮಾ ಮತ್ತು ಜಪಾನಿನ ಪ್ರಧಾನಿ ಶಿಂಜೊ ಅಬೆ ಅಲ್ಲಿ ಕೂತು ತಿಂದರು. 2019ರ ಕೊನೆಗೆ, ಸಾರ್ವಜನಿಕರು ನೇರವಾಗಿ ಜಾಗ ಕಾದಿರಿಸಲು ಸಾಧ್ಯವಿಲ್ಲವೆಂಬ ಕಾರಣಕ್ಕೆ ಮಿಶೆಲಿನ್ ಅದನ್ನು ಪಟ್ಟಿಯಿಂದ ಕೈಬಿಟ್ಟಿತು. ಸುಶಿಯ ಪರಮಾವಧಿಯೆಂದು ಜೋಡಿಗಳ ಮುಂದೆ ಹಿಡಿದ ಆದರ್ಶ ಹೀಗೆ ಸಾಮಾನ್ಯ ಜೋಡಿಯೊಂದು ಬಾಗಿಲು ತಟ್ಟಿ ಒಳಹೋಗಲಾಗದ ಜಾಗ. ಅಮೆರಿಕದಲ್ಲಂತೂ ಈ ಭ್ರಮೆ ಇನ್ನೂ ಮೊದಲೇ ಶುರುವಾಗಿತ್ತು. 1960ರ ದಶಕದಲ್ಲಿ ಲಾಸ್ ಏಂಜಲೀಸ್‌ನ ಲಿಟಲ್ ಟೋಕಿಯೊದಲ್ಲಿ ಜಪಾನಿ ವ್ಯಾಪಾರಿಗಳಿಗಾಗಿ ತೆರೆದ ಸುಶಿ ಕೌಂಟರು, 1970ರ ಹೊತ್ತಿಗೆ ಹಾಲಿವುಡ್ ಸ್ಟುಡಿಯೊಗಳ ಪಕ್ಕಕ್ಕೆ ಬಂದಾಗ ಸಿನಿಮಾ ತಾರೆಯರ ಊಟವಾಯಿತು. ಬೀದಿಯ ನೆನಪು ಅಳಿಸಿ ಸಿರಿವಂತಿಕೆಯ ಗುರುತು ಅಂಟಿಕೊಂಡದ್ದು ಆ ಪಯಣದಲ್ಲಿ.

ಫ್ರೆಂಚ್ ಊಟದ ಕಥೆಯೂ ಬೇರೆಯಲ್ಲ. 18ನೇ ಶತಮಾನದ ಪ್ಯಾರಿಸ್ಸಿನಲ್ಲಿ ಹೊರಗೆ ಉಣ್ಣುವವರು ತಾಬ್ಲ್ ದೋತ್ ಎಂಬ ಸಾಲುಮೇಜಿಗೆ ಹೋಗಬೇಕಿತ್ತು. ನಿಗದಿತ ಹೊತ್ತು, ಎಲ್ಲರಿಗೂ ಒಂದೇ ಊಟ, ಗುರುತಿಲ್ಲದವರ ಪಕ್ಕ. 1760ರ ದಶಕದಲ್ಲಿ ಮಾತುರಾಂ ರೋಜ್ ದ ಶಾಂತ್ವಾಜೊ ಮುಂತಾದವರು ತೆರೆದ ಹೊಸ ಅಂಗಡಿಗಳು, ನಿಶ್ಶಕ್ತರಿಗೆ ಬಲ ಕೊಡುವ ಮಾಂಸದ ಸಾರನ್ನು ಮಾರುತ್ತಿದ್ದವು. ಅಲ್ಲಿನ ಹೊಸತನವೆಂದರೆ ಬೇಕಾದ ಹೊತ್ತಿಗೆ ಬರಬಹುದು, ಬೇರೆ ಬೇರೆ ಚಿಕ್ಕ ಮೇಜಿನಲ್ಲಿ ಕೂರಬಹುದು, ಬೆಲೆ ಬರೆದ ಪಟ್ಟಿ ನೋಡಿ ತನಗೆ ಬೇಕಾದ್ದನ್ನಷ್ಟೇ ಕೇಳಬಹುದು. ಆಂತ್ವಾನ್ ಬೊವಿಲಿಯೆ 1780ರ ದಶಕದಲ್ಲಿ ಇದನ್ನೇ ವೈಭವದ ಮಟ್ಟಕ್ಕೆ ಏರಿಸಿದ. ಬ್ರಿಯಾ ಸಾವರಾಂ ಎಂಬ ಫ್ರೆಂಚ್ ಲೇಖಕ 1825ರಲ್ಲಿ ರುಚಿಯ ಬಗ್ಗೆ ಬರೆದ ತನ್ನ ಗ್ರಂಥದಲ್ಲಿ ಬೊವಿಲಿಯೆಯನ್ನು ಮೆಚ್ಚಿ ನೆನೆಯುತ್ತಾನೆ. ರೆಸ್ಟೋರೆಂಟೆಂಬ ಸಂಸ್ಥೆ ಜಗತ್ತಿಗೆ ಕೊಟ್ಟ ದೊಡ್ಡ ಕೊಡುಗೆ ಗಿರಾಕಿಯ ಆಯ್ಕೆ. ಹತ್ತು ಹನ್ನೆರಡು ತಿನಿಸುಗಳ ಕಟ್ಟುನಿಟ್ಟಿನ ಮೆನು ಅದನ್ನೇ ಕಿತ್ತುಕೊಂಡು ಗಿರಾಕಿಯನ್ನು ಹಳೆಯ ಸಾಲುಮೇಜಿನ ಕಟ್ಟಿಗೆ ಮರಳಿಸುತ್ತದೆ, ಅದೂ ಹಲವು ಪಟ್ಟು ಬೆಲೆಗೆ.

ಫ್ರೆಂಚ್ ರೆಸ್ಟೋರೆಂಟಿಗೂ ಪ್ರಣಯಕ್ಕೂ ಹಳೆಯ ನಂಟಿದೆ ಎನ್ನುವವರು ಆ ನಂಟಿನ ಸ್ವರೂಪವನ್ನೂ ತಿಳಿಯಬೇಕು. 19ನೇ ಶತಮಾನದ ಪ್ಯಾರಿಸ್ಸಿನ ದೊಡ್ಡ ರೆಸ್ಟೋರೆಂಟುಗಳಲ್ಲಿ ಕಾಬಿನೆ ಪಾರ್ತಿಕ್ಯುಲಿಯೆ ಎಂಬ ಖಾಸಗಿ ಕೋಣೆಗಳಿದ್ದವು. ಬಾಗಿಲು ಹಾಕಿಕೊಳ್ಳಬಹುದು, ಒಳಗೆ ಸೋಫಾ ಇರುತ್ತಿತ್ತು. ಹಣವಂತ ಗಂಡಸರು ಅಲ್ಲಿಗೆ ಕರೆತರುತ್ತಿದ್ದದ್ದು ಹೆಂಡತಿಯರನ್ನಲ್ಲ. ಸೇನ್ ನದಿಯ ದಂಡೆಯ ಲಾಪೆರೂಸ್ ರೆಸ್ಟೋರೆಂಟಿನ ಕನ್ನಡಿಗಳ ಮೇಲೆ ಇಂದಿಗೂ ಗೀರುಗಳಿವೆ. ಕಾಣಿಕೆಯಾಗಿ ಬಂದ ವಜ್ರ ಅಸಲಿಯೇ ಎಂದು ವೇಶ್ಯೆಯರು ಗೀರಿ ನೋಡಿದ್ದು ಎಂಬುದು ಅಲ್ಲಿನ ಹೇಳಿಕೆ. ಎಮಿಲ್ ಜೋಲಾ ಲಾ ಕ್ಯುರೇ ಕಾದಂಬರಿಯಲ್ಲಿ ಮಲತಾಯಿ ಮತ್ತು ಮಲಮಗನ ನಿಷಿದ್ಧ ಸಂಬಂಧವನ್ನು ಶುರುಮಾಡಿಸುವುದು ಕಫೆ ರಿಶ್‌ನ ಇಂಥದೇ ಕೋಣೆಯಲ್ಲಿ. ಹಣ ಕೊಟ್ಟವನು ಒಬ್ಬ, ಋಣಕ್ಕೆ ಬಿದ್ದವಳು ಒಬ್ಬಳು ಎಂಬ ಸಂಬಂಧಕ್ಕೆ ಒಗ್ಗಿದ ಊಟದ ರೀತಿಯನ್ನು ಸಮಾನರಾದ ಇಬ್ಬರ ಪ್ರೀತಿಯ ಅಳತೆಗೋಲು ಮಾಡುವುದು ಅನ್ಯಾಯ.

ಆ ಅಸಮಾನತೆ 20ನೇ ಶತಮಾನಕ್ಕೂ ಹರಿದುಬಂತು. ಪಾಶ್ಚಾತ್ಯ ನಗರಗಳ ಎಷ್ಟೋ ದುಬಾರಿ ರೆಸ್ಟೋರೆಂಟುಗಳಲ್ಲಿ ಗಂಡಸಿಗೆ ಬೆಲೆ ಇರುವ ಮೆನು, ಹೆಂಗಸಿಗೆ ಬೆಲೆ ಇಲ್ಲದ ಮೆನು ಕೊಡುವ ರೂಢಿಯಿತ್ತು. 1980ರಲ್ಲಿ ಲಾಸ್ ಏಂಜಲೀಸ್ ಪ್ರದೇಶದ ಲೊರಾಂಜರಿ ಎಂಬ ಫ್ರೆಂಚ್ ರೆಸ್ಟೋರೆಂಟಿಗೆ ಮಹಿಳೆಯೊಬ್ಬಳು ತನ್ನ ವ್ಯಾಪಾರದ ಪಾಲುದಾರನನ್ನು ಊಟಕ್ಕೆ ಕರೆದೊಯ್ದಳು. ಹಣ ಕೊಡಬೇಕಿದ್ದವಳು ಅವಳೇ, ಬೆಲೆ ಇಲ್ಲದ ಪಟ್ಟಿ ಬಂದದ್ದೂ ಅವಳಿಗೇ. ವಕೀಲೆ ಗ್ಲೋರಿಯಾ ಆಲ್ರೆಡ್ ಮೂಲಕ ಅವಳು ಮೊಕದ್ದಮೆ ಹೂಡಿದಳು, ರೆಸ್ಟೋರೆಂಟು ಆ ರೂಢಿಯನ್ನು ಬಿಟ್ಟಿತು. ಬೆಲೆ ತಿಳಿಯದ ಕಡೆ ಆಯ್ಕೆಯ ಸ್ವಾತಂತ್ರ್ಯವೂ ಇಲ್ಲ. ಇಂದಿನ ಟೇಸ್ಟಿಂಗ್ ಮೆನುವಿನಲ್ಲಿ ಬೆಲೆ ಇಬ್ಬರಿಗೂ ಗೊತ್ತು, ಆಯ್ಕೆ ಇಬ್ಬರಿಗೂ ಇಲ್ಲ.

ಅದೇ ಪ್ಯಾರಿಸ್ಸಿನಲ್ಲಿ ಇನ್ನೊಂದು ಪರಂಪರೆಯೂ ಬೆಳೆಯಿತು. 1850ರ ದಶಕದಲ್ಲಿ ದ್ಯುವಾಲ್ ಎಂಬ ಮಾಂಸದ ವ್ಯಾಪಾರಿ ಲೇ ಹಾಲ್ ಸಂತೆಯ ಕೆಲಸಗಾರರಿಗೆಂದು ಬುಯೋಂ ಎಂಬ ಅಗ್ಗದ ಊಟದ ಅಂಗಡಿ ತೆರೆದ. ಬೇಯಿಸಿದ ದನದ ಮಾಂಸ, ಅದರ ಸಾರು, ಬ್ರೆಡ್ಡು. ಬೆಲೆ ಕಡಿಮೆ, ಜಾಗ ಚೊಕ್ಕಟ, ಬಡಿಸುವವರು ಸಮವಸ್ತ್ರದ ಹೆಂಗಸರು. ಮರ್ಯಾದಸ್ಥ ಹೆಂಗಸೊಬ್ಬಳು ಒಂಟಿಯಾಗಿ ಬಂದು ಉಂಡುಹೋಗಬಹುದಾದ ಜಾಗಗಳಲ್ಲಿ ಇವು ಮೊದಲ ಸಾಲಿನವು. 1900ರ ಹೊತ್ತಿಗೆ ನಗರದಲ್ಲಿ ಸುಮಾರು 250 ಬುಯೋಂಗಳಿದ್ದವು. 1896ರಲ್ಲಿ ಆರಂಭವಾದ ಶಾರ್ತಿಯೆ ಇಂದಿಗೂ ನಡೆಯುತ್ತಿದೆ. ಮೇಜಿಗೆ ಹಾಸಿದ ಕಾಗದದ ಮೇಲೇ ಬಿಲ್ಲು ಬರೆಯುತ್ತಾರೆ, ಜನ ಹೆಚ್ಚಿದ್ದರೆ ಗುರುತಿಲ್ಲದವರನ್ನು ಪಕ್ಕದಲ್ಲೇ ಕೂರಿಸುತ್ತಾರೆ. 2017ರಲ್ಲಿ ಪಿಗಾಲ್‌ನಲ್ಲಿ ತೆರೆದ ಹೊಸ ಬುಯೋಂನ ಮುಂದೆ ಉದ್ದದ ಸಾಲು ನಿಲ್ಲುತ್ತದೆ, ಆ ಸಾಲಿನಲ್ಲಿ ಜೋಡಿಗಳಿಗೆ ಬರವಿಲ್ಲ. ಮೊಟ್ಟೆಯ ಮೇಲೆ ಮೇಯೊನೇಸ್, ಕೆಂಪು ವೈನಿನಲ್ಲಿ ಬೆಂದ ಬರ್ಗಂಡಿಯ ಮಾಂಸ, ಕ್ರೀಮು ತುಂಬಿದ ಪ್ರೊಫಿತ್ರೋಲ್: ಫ್ರೆಂಚ್ ಮನೆಗಳಲ್ಲಿ ತಲೆಮಾರುಗಳಿಂದ ಮಾಡುತ್ತಿರುವ ಅಡುಗೆ ಇದು. ಇದನ್ನು ಬಿಟ್ಟು ಇಕ್ಕಳದಲ್ಲಿ ಎಲೆ ಜೋಡಿಸಿದ ಎರಡು ತುತ್ತನ್ನು ಫ್ರಾನ್ಸಿನ ಆತ್ಮವೆನ್ನುವುದು ಆ ದೇಶದ ಅಡುಗೆಯನ್ನು ಅರಿಯದವರ ಮಾತು.

ತಟ್ಟೆಯ ಸರದಿಯೂ ಹಳೆಯದಲ್ಲ. 19ನೇ ಶತಮಾನದ ಮೊದಲ ಭಾಗದವರೆಗೂ ಫ್ರೆಂಚ್ ಔತಣಗಳಲ್ಲಿ ಹಲವು ಬಗೆಗಳನ್ನು ಒಟ್ಟಿಗೆ ಮೇಜಿನ ಮೇಲಿಟ್ಟು ಹಂಚಿಕೊಳ್ಳುತ್ತಿದ್ದರು. ಒಂದಾದ ಮೇಲೊಂದು ಬಡಿಸುವ ಕ್ರಮ ರಷ್ಯಾದಿಂದ ಬಂತು. ಪುಟ್ಟ ಪುಟ್ಟ ತಿನಿಸುಗಳ ಉದ್ದನೆಯ ಮೆನು ಇನ್ನೂ ಈಚಿನದು. 1973ರಲ್ಲಿ ಗೋ ಮತ್ತು ಮಿಯೋ ಎಂಬ ವಿಮರ್ಶಕರು ಹೊಸ ಅಡುಗೆಯ ಹತ್ತು ಕಟ್ಟಳೆಗಳನ್ನು ಸಾರಿದರು. ಅದೇ ಕಾಲದಲ್ಲಿ ಪಾಲ್ ಬೊಕ್ಯೂಜ್‌ನಂಥ ಬಾಣಸಿಗರು ಒಸಾಕಾದ ತ್ಸುಜಿ ಅಡುಗೆ ಶಾಲೆಗೆ ಹೋಗಿಬರುತ್ತಿದ್ದರು, ಪುಟ್ಟ ತಿನಿಸುಗಳು ಸರದಿಯಲ್ಲಿ ಬರುವ ಜಪಾನಿನ ಕೈಸೆಕಿ ಊಟದ ಪ್ರಮಾಣ ಮತ್ತು ಅಲಂಕಾರ ಅವರ ತಟ್ಟೆಗಳ ಮೇಲೆ ಪ್ರಭಾವ ಬೀರಿದವು. ಈ ಮೆನುವನ್ನು ಬೆಳೆಸಿದ ಕಲಾವಿದರ ಪ್ರತಿಭೆಯ ಬಗ್ಗೆ ತಕರಾರಿಲ್ಲ. ಐವತ್ತು ವರ್ಷದ ಒಂದು ಪ್ರಯೋಗವನ್ನು ಆ ಅಡುಗೆಯ ಸನಾತನ ಸ್ವರೂಪವೆಂದು ಮಾರುವುದರ ಬಗ್ಗೆ ತಕರಾರಿದೆ. ಯುನೆಸ್ಕೊ 2010ರಲ್ಲಿ ಫ್ರೆಂಚರ ಊಟವನ್ನು ಪರಂಪರೆಯ ಪಟ್ಟಿಗೆ ಸೇರಿಸಿದಾಗ ಎತ್ತಿಹಿಡಿದದ್ದು ಹುಟ್ಟು, ಮದುವೆ, ಹುಟ್ಟುಹಬ್ಬಗಳಲ್ಲಿ ಬಂಧುಗಳು ಒಟ್ಟಾಗಿ ಕೂತು ಮಾಡುವ ಊಟವನ್ನು. 2013ರಲ್ಲಿ ವಾಶೊಕು ಎಂಬ ಜಪಾನಿನ ಸಾಂಪ್ರದಾಯಿಕ ಊಟ ಆ ಪಟ್ಟಿಗೆ ಸೇರಿದ್ದೂ ಹೊಸವರ್ಷದ ಮನೆಯ ಆಚರಣೆಯ ಹೆಸರಿನಲ್ಲಿ.

ಮೂರು ಗಂಟೆಯ ಮೆನು ಮಾತಿಗೆ ಎಷ್ಟು ಅಡ್ಡಿ ಎಂಬುದು ಲೆಕ್ಕಕ್ಕೆ ಸಿಗುವ ವಿಷಯ. ಹನ್ನೆರಡು ತಟ್ಟೆ ಬರುತ್ತದೆ, ಹನ್ನೆರಡು ಹೋಗುತ್ತದೆ. ಪ್ರತಿ ತಟ್ಟೆಗೂ ಒಂದು ವಿವರಣೆ, ಪ್ರತಿ ವೈನಿಗೂ ಇನ್ನೊಂದು, ನಡುನಡುವೆ ಎಲ್ಲ ಸರಿಯಿದೆಯೇ ಎಂಬ ವಿಚಾರಣೆ. ಇಬ್ಬರು ಮನಸ್ಸು ಬಿಚ್ಚಿ ಮಾತಾಡುತ್ತಿದ್ದ ವಿಷಯ ಮೂವತ್ತು ಕಡೆ ತುಂಡಾಗುತ್ತದೆ. ಬಿಸ್ಟ್ರೋ ಎಂಬ ಸಾದಾ ಫ್ರೆಂಚ್ ಊಟದ ಅಂಗಡಿಯಲ್ಲಿ ಮೂರು ತಟ್ಟೆ ಬರುತ್ತವೆ, ಅಷ್ಟೇ. ಉಳಿದ ಹೊತ್ತು ಇಬ್ಬರದು.

ಜೋಡಿ ಮತ್ತು ದುಬಾರಿ ಊಟವನ್ನು ಬೆಸೆದದ್ದು ಮಾರುಕಟ್ಟೆ. ಜಪಾನಿನಲ್ಲಿ 1980ರ ದಶಕದಲ್ಲಿ ಹಣ ಉಕ್ಕಿದಾಗ ಕ್ರಿಸ್‌ಮಸ್ ಹಿಂದಿನ ಸಂಜೆ ಪ್ರೇಮಿಗಳ ಹಬ್ಬವಾಯಿತು, ಫ್ರೆಂಚ್ ರೆಸ್ಟೋರೆಂಟಿನ ಮೇಜು ಆ ರಾತ್ರಿಯ ಕಡ್ಡಾಯವಾಯಿತು. ಬೇರೆ ಕಡೆ ಅದೇ ಕೆಲಸವನ್ನು ಫೆಬ್ರುವರಿ 14 ಮಾಡುತ್ತದೆ. ಆ ರಾತ್ರಿ ಎಷ್ಟೋ ರೆಸ್ಟೋರೆಂಟುಗಳು ಮಾಮೂಲು ಪಟ್ಟಿ ಮುಚ್ಚಿಟ್ಟು ಒಂದೇ ಮೆನುವನ್ನು ಏರಿಸಿದ ಬೆಲೆಗೆ ಕೊಡುತ್ತವೆ, ಎರಡು ಸರದಿಯಲ್ಲಿ ಗಿರಾಕಿಗಳನ್ನು ಎಬ್ಬಿಸಿ ಕೂರಿಸುತ್ತವೆ. ಬೆಂಗಳೂರಿನ ಪಂಚತಾರಾ ಹೋಟೆಲುಗಳಿಗೂ ಈ ರೂಢಿ ಬಂದಿದೆ. ಟೊಯೊಟಾದ ಬಿಡದಿ ಕಾರ್ಖಾನೆಯಂಥ ಉದ್ಯಮಗಳಿಗಾಗಿ ಆ ಊರಿಗೆ ಬಂದು ನೆಲೆಸಿದ ಜಪಾನಿಯರು ದಿನನಿತ್ಯ ಬಯಸುವುದು ಮಾತ್ರ ಅನ್ನ, ಮಿಸೊ ಸಾರು, ಉಪ್ಪಿನಕಾಯಿ, ಸುಟ್ಟ ಮೀನು ಇರುವ ತೆಯಿಶೊಕು ಊಟವನ್ನು. ಆ ಊಟದಲ್ಲಿ ಜಪಾನನ್ನು ಕಾಣಲಾಗದವರಿಗೆ ಹೋಟೆಲಿನ ಒಮಾಕಸೆಯಲ್ಲಿ ಅದು ಕಾಣುವುದು ಕಷ್ಟ.

ಈ ನಿಲುವಿಗೆ ಎದುರಾಗಿ ಬರುವ ಗಟ್ಟಿ ವಾದ ಕೌಶಲದ್ದು. ಸುಶಿ ಬಾಣಸಿಗನ ತರಬೇತಿಗೆ ಹತ್ತು ವರ್ಷ ಬೇಕೆಂಬ ಮಾತಿದೆ. ಒಳ್ಳೆಯ ಸಾಸಿಗೆ ದಿನವಿಡೀ ಕುದಿಸಿದ ಮೂಳೆಯ ಸಾರು ಬೇಕು. ಅಷ್ಟು ದುಡಿಮೆಗೆ ತಕ್ಕ ಬೆಲೆ ಸಲ್ಲಬೇಕು. ಇದು ಪೂರ್ತಿ ಒಪ್ಪತಕ್ಕ ಮಾತು. ಆ ಅಡುಗೆಯನ್ನು ಅರಿಯುವ ಆಸೆಯಿಂದ ಹಣ ಕೂಡಿಟ್ಟು ಹೋಗುವ ಇಬ್ಬರು ಸರಿಯಾದ ಕೆಲಸವನ್ನೇ ಮಾಡುತ್ತಾರೆ. ತಪ್ಪಿರುವುದು ಆ ಆಸಕ್ತಿ ಇಲ್ಲದ ಲಕ್ಷಾಂತರ ಜನರ ಮೇಲೆ ಅದನ್ನು ಪ್ರೀತಿಯ ಪರೀಕ್ಷೆಯಾಗಿ ಹೇರುವುದರಲ್ಲಿ. ಸಾಲ ಮಾಡಿ, ಬಿಲ್ಲಿನ ಯೋಚನೆಯಲ್ಲಿ ತುತ್ತು ನುಂಗುವವರಿಗೆ ರುಚಿ ತಿಳಿಯುವುದಿಲ್ಲ. ವರ್ಷಕ್ಕೊಮ್ಮೆಯ ಆ ಖರ್ಚಿನಲ್ಲಿ ತಿಂಗಳಿಗೊಂದು ಸಲ ನೆಮ್ಮದಿಯಿಂದ ಹೊರಗೆ ಉಣ್ಣಬಹುದಿತ್ತು.

ಕನ್ನಡಿಗರ ಮನೆಗಳಲ್ಲಿ ಇನ್ನೊಂದು ತೊಡಕುಂಟು. ಒಬ್ಬರು ಮಾಂಸ ಮೀನು ತಿನ್ನುವವರು, ಒಬ್ಬರು ತಿನ್ನದವರು ಆಗಿರುವ ಜೋಡಿಗಳು ಹಲವು. ಟೇಸ್ಟಿಂಗ್ ಮೆನುವನ್ನು ಮೇಜಿನಲ್ಲಿರುವ ಎಲ್ಲರೂ ತೆಗೆದುಕೊಂಡರೆ ಮಾತ್ರ ಕೊಡುತ್ತೇವೆ ಎಂಬ ನಿಯಮ ಫ್ರೆಂಚ್ ರೆಸ್ಟೋರೆಂಟುಗಳಲ್ಲಿ ಸಾಮಾನ್ಯ, ಒಮಾಕಸೆಯಲ್ಲಿ ಮೀನಿಲ್ಲದೆ ಊಟವೇ ಇಲ್ಲ. ಆಯ್ಕೆ ಇರುವ ಅಂಗಡಿಯಲ್ಲಿ ಈ ಜೋಡಿಗೆ ದಾರಿ ಇದೆ: ಸೌತೆಕಾಯಿಯ ಕಪ್ಪಾಮಾಕಿ, ಮೂಲಂಗಿ ಉಪ್ಪಿನಕಾಯಿಯ ಸುರುಳಿ ಸುಶಿ ಒಬ್ಬರಿಗೆ, ಟ್ಯೂನಾ ಇನ್ನೊಬ್ಬರಿಗೆ. ತೋಫು ಚೀಲದ ಇನಾರಿಯನ್ನು ಬಹಳಷ್ಟು ಕಡೆ ಒಣಮೀನಿನ ದಾಶಿ ಸಾರಿನಲ್ಲಿ ಬೇಯಿಸುವುದರಿಂದ ಕೇಳಿ ತಿಳಿಯಬೇಕು. ಫ್ರೆಂಚ್ ಬಿಸ್ಟ್ರೋದಲ್ಲಿ ರಾತಾತುಯ್, ಆಲೂಗಡ್ಡೆಯ ಗ್ರಾತಾಂ ಸಿಗುತ್ತವೆ. ಈರುಳ್ಳಿ ಸೂಪಿಗೆ ಮಾತ್ರ ಸಾಮಾನ್ಯವಾಗಿ ದನದ ಮಾಂಸದ ಸಾರು ಬಿದ್ದಿರುತ್ತದೆ.

ನಕ್ಷತ್ರ ಪಡೆದ ಬಾಣಸಿಗನ ಕೈಯಡುಗೆಯೇ ಬೇಕೆನ್ನುವ ಜೋಡಿಗೂ ರಾತ್ರಿಯ ಬೆಲೆ ಅನಿವಾರ್ಯವಲ್ಲ. ಪ್ಯಾರಿಸ್ಸಿನ ಹಲವು ಹೆಸರಾಂತ ರೆಸ್ಟೋರೆಂಟುಗಳು ವಾರದ ದಿನಗಳ ಮಧ್ಯಾಹ್ನ ಎರಡು ಮೂರು ತಟ್ಟೆಯ ಚಿಕ್ಕ ಮೆನುವನ್ನು ರಾತ್ರಿಗಿಂತ ಬಹಳ ಕಡಿಮೆಗೆ ಕೊಡುತ್ತವೆ. ಬೆಲೆ ಬಾಗಿಲ ಹೊರಗೇ ಬರೆದಿರುತ್ತದೆ, ಸೇವಾಶುಲ್ಕ ಅದರಲ್ಲೇ ಸೇರಿರುತ್ತದೆ, ಹೂಜಿಯ ನೀರು ಮತ್ತು ಬ್ರೆಡ್ಡಿಗೆ ದುಡ್ಡಿಲ್ಲ. ಗಿಂಜಾದ ಸುಶಿ ಅಂಗಡಿಗಳಲ್ಲೂ ಮಧ್ಯಾಹ್ನದ ಹೊತ್ತು ಒಕಿಮಾರಿ ಎಂಬ ನಿಗದಿತ ತಟ್ಟೆ ಸಿಗುತ್ತದೆ. ಸಾಧಾರಣ, ಮೇಲು, ವಿಶೇಷ ಎಂದು ಮೂರು ದರ್ಜೆ, ಬೆಲೆ ಮೊದಲೇ ಗೊತ್ತು, ಟಿಪ್ಸ್ ಕೊಡುವ ಪದ್ಧತಿ ಜಪಾನಿನಲ್ಲಿಲ್ಲ. ಒಬ್ಬರು ಮೇಲಿನ ದರ್ಜೆ, ಒಬ್ಬರು ಸಾಧಾರಣ ದರ್ಜೆ ಕೇಳಿದರೂ ಅಲ್ಲಿ ಯಾರೂ ಹುಬ್ಬೇರಿಸುವುದಿಲ್ಲ.